ಎರವಲು ನೋವು

ತಣ್ಣಗಿದೆ, ತೀರಾ ತಣ್ಣಗೆ, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಐಸ್ ಚೀಲ ಜಮ್ಮನೆ ಕೂತಿದೆ, ಏನೂ ಆಗದ ಕಾಲಿಗೆ ಇಷ್ಟೊಂದು ಉಪಚಾರ — ಇವನು ಮಂಚದಲ್ಲಿ ಮಗ್ಗುಲಾದ, ಕಿಟಕಿಯಾಚೆ ಬೂಟುಗಳು ದಡದಡ ಅನ್ನುತ್ತಿವೆ, ಅಗ್ನಿಶಾಮಕ ತರಬೇತಿಗೆ ಬಂದವರೆಲ್ಲ ಹೆಗಲಿಗೆ ನೀರಿನ ಪೈಪು ಹೊತ್ತು ಓಡುತ್ತಿದ್ದಾರೆ, ಅವರ ನಡುವೆ ಇವನ ರೂಮಿನ ಕುಳ್ಳನೂ ಇದ್ದಾನೆ, ನಿಜವಾಗಿ ನೋವಿರುವವನು. ಓಟದಿಂದ ತಪ್ಪಿಸಿಕೊಳ್ಳಲು ಇವನಿಗೊಂದು ಕಾಯಿಲೆ ಬೇಕಿತ್ತು, ಹೊಟ್ಟೆನೋವು ಹಳೇ ನೆಪ, ಯಾರೂ ನಂಬುವುದಿಲ್ಲ, ಪಕ್ಕದ ಮಂಚದಲ್ಲೇ ಒಂದು ನೋವು ಮುಲುಗುತ್ತಿತ್ತು, ಅದನ್ನೇ ತನ್ನದೆಂದು ಡಾಕ್ಟರ ಬಳಿಗೆ ಎತ್ತಿಕೊಂಡು ಹೋದ, ಅಷ್ಟೇ — ಥೂ, ಕದಿಯಲು ಬೇರೇನೂ ಸಿಗಲಿಲ್ಲವೇ. ಡಾಕ್ಟರಮ್ಮ ಎಲುಬಿನ ಒಳಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದರು, ಇಲ್ಲಿ ನೋಯುತ್ತಾ, ಹೌದು ಮೇಡಂ, ಇಲ್ಲಿ, ಅಯ್ಯೋ ಹೌದು, ಒತ್ತಿದಲ್ಲೆಲ್ಲ ಹೌದು ಅಂದ, ಹಾಗಂದದ್ದೇ ಅದೃಷ್ಟ, ಅವರು ನಂಬಿಯೇಬಿಟ್ಟರು, ಉದ್ದಕ್ಕೂ ನೋಯೋದಾದ್ರೆ ಹೆದರ್ಬೇಡಪ್ಪ, ಓಡಿ ಓಡಿ ಎಲುಬಿನ ಪೊರೆ ಕೆರಳಿದೆ, ಓಟ ನಿಲ್ಸು, ಐಸ್ ಇಡು, ಸವೆದ ಬೂಟು ಬಿಸಾಕು, ವಾಸಿಯಾದ್ಮೇಲೆ ನಿಧಾನಕ್ಕೆ ಶುರುಮಾಡು. ಅಷ್ಟಕ್ಕೇ ಎದ್ದು ಬರಬಹುದಿತ್ತು, ಆದರೆ ಅವರು ಕೈ ತೊಳೆಯುತ್ತಾ ಅಂದರು, ಒಂದೇ ಬೆರಳಲ್ಲಿ ತೋರಿಸೋ ಹಾಗೆ ಒಂದೇ ಜಾಗದಲ್ಲಿ ನೋವಿದ್ರೆ, ಸುಮ್ನೆ ಮಲಗಿದ್ರೂ ನೋಯ್ತಿದ್ರೆ, ಒಂದು ಹೆಜ್ಜೆನೂ ಓಡ್ಬೇಡ, ಎಲುಬು ಬಿರುಕು ಬಿಟ್ಟಿರಬಹುದು, ಓಡಿದ್ರೆ ಮುರಿದೇ ಹೋದೀತು.

ಒಂದೇ ಬೆರಳು. ಕುಳ್ಳ ಮಲಗಿದಾಗ ಆ ಜಾಗಕ್ಕೇ ಬೆರಳಿಡುತ್ತಾನೆ, ನೋಡೋ, ಇಲ್ಲೇ, ಬೆಲ್ ಒತ್ತಿದ ಹಾಗೆ ಕಿರುಚುತ್ತೆ, ಯಾರಿಗೂ ಹೇಳ್ಬೇಡ ಕಣೋ, ಮನೆಗೆ ಕಳಿಸ್ಬಿಡ್ತಾರೆ, ಇಲ್ಲಿಗೆ ಕಳಿಸಿದ ಅಕ್ಕನಿಗೆ ಹೇಗೆ ಮುಖ ತೋರಿಸ್ಲಿ. ಹೇಳಬೇಕು, ಈಗಲೇ ಎದ್ದು ಡಾಕ್ಟರಮ್ಮನಿಗೆ ಹೇಳಬೇಕು, ಹೇಳಿದರೆ ಕೇಳುತ್ತಾರೆ, ಹಾಗಾದ್ರೆ ನಿಂದೇನು, ತೋರ್ಸು ನಿನ್ ಕಾಲು — ನಾಚಿಕೆಗೆಟ್ಟವನೇ, ಅವನ ಎಲುಬಿಗಿಂತ ನಿನ್ನ ಮಾನ ಹೆಚ್ಚಾಯಿತೇ, ಏಳು, ಏಳು, ಏಳಲಿಲ್ಲ. ಬೂಟುಗಳು ನಿಂತವು. ಬಾಗಿಲಲ್ಲಿ ಕುಳ್ಳ, ಬೆವರು ಧಾರಾಕಾರ, ಒಂದು ಕಾಲನ್ನು ನೆಲಕ್ಕೆ ಊರುತ್ತಲೇ ಇಲ್ಲ, ಮುಖದಲ್ಲಿ ಮಾತ್ರ ನಗು, ಕೈಯಲ್ಲಿ ಐಸ್, ಅಡುಗೆಮನೆಯವರನ್ನ ಕಾಡಿಬೇಡಿ ತಂದೆ ಕಣೋ, ನಿಂದು ಕರಗಿರುತ್ತೆ, ಎಲ್ಲಿಡ್ಬೇಕು, ತೋರ್ಸು. ತೋರಿಸಬೇಕು, ಎಲ್ಲಿ ಅಂತ ತೋರಿಸುವುದು, ಕುಳ್ಳ ಗೋಡೆ ಹಿಡಿದು ಕಾಯುತ್ತಿದ್ದಾನೆ, ಇವನ ಬೆರಳು ಎದ್ದಿದೆ, ಕಾಲಿನ ಮೇಲೆ ತೂಗುತ್ತಿದೆ, ಒಂದೇ ಬೆರಳು, ಇಳಿಯಲೊಲ್ಲದು.