ಆಗಲ್ಲ ಅನ್ನಬಾರದ ಕೆಲಸ

"ಸರಿ, ಒಂದು ಪ್ರಶ್ನೆ. ಈ ಹಾಲ್ ಒಳಗೆ ಕಾಲಿಟ್ಟ ಕೂಡಲೇ ನಿಮ್ಮ ಕಣ್ಣಿಗೆ ಬಿದ್ದದ್ದೇನು?"

ಕೊನೆಯ ವರ್ಷದ ಇನ್ನೂರು ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೇದಿಕೆ ಎಂದ ಒಬ್ಬ. ದೀಪಗಳು ಎಂದಳು ಇನ್ನೊಬ್ಬಳು. "ನೀವೇ ಮೇಡಂ" ಎಂದು ಹಿಂದಿನ ಸಾಲಿನವನೊಬ್ಬ ಕೂಗಿ ನಗೆ ಗಿಟ್ಟಿಸಿಕೊಂಡ. ಮೈಕ್ ಹಿಡಿದು ನಿಂತಿದ್ದ ವಾಕಿ ಅಕ್ಕನೂ ನಕ್ಕಳು. ಅದು ಅವಳ ತಂಡದವರು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಅವಳು ವಾಕಿಟಾಕಿಯನ್ನು ಕೈಯಿಂದ ಕೆಳಗಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಬೆನ್ನ ಹಿಂದೆ 'ಈವೆಂಟ್ ಮ್ಯಾನೇಜ್‌ಮೆಂಟ್: ಉದ್ಯಮ ಮತ್ತು ಉದ್ಯೋಗ, ಒಂದು ಪರಿಚಯ' ಎಂಬ ಬ್ಯಾನರ್ ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಅದನ್ನು ಎಳೆದು ಕಟ್ಟಲು ಕೈ ಕಡಿಯುತ್ತಿದ್ದರೂ ಹೇಗೋ ತಡೆದುಕೊಂಡಿದ್ದಳು.

ಕಾಲೇಜಿನವರ ಲೆಕ್ಕದಲ್ಲಿ ಅವಳು ಬಂದದ್ದು ಭಾಷಣಕ್ಕೆ. ನಿಜವಾಗಿ ಬಂದದ್ದು ತನ್ನ ಜಾಗಕ್ಕೊಬ್ಬರನ್ನು ಹಿಡಿದುಕೊಂಡು ಹೋಗಲು. ರಾಜೀನಾಮೆ ಕೊಟ್ಟು ನಾಲ್ಕು ತಿಂಗಳಾಗಿತ್ತು. ಈವೆಂಟ್ ಕಂಪನಿಯ ಮಾಲೀಕರು ಅದನ್ನು ಓದಿ, ಮಡಚಿ, ಡ್ರಾಯರಿಗೆ ತಳ್ಳಿ, "ಹೊಸಬರಾದ್ರೂ ಪರವಾಗಿಲ್ಲ, ಓಡಿಹೋಗದವರನ್ನ ತಂದು ನಿಲ್ಲಿಸು. ಅವತ್ತೇ ಸಹಿ ಹಾಕ್ತೀನಿ" ಅಂದಿದ್ದರು. ತಂದು ನಿಲ್ಲಿಸಿದ ಮೂವರೂ ಮೊದಲ ಭಾನುವಾರಕ್ಕೇ ಕಂಬಿ ಕಿತ್ತಿದ್ದರು. ಇತ್ತ ಮಗಳ ಶಾಲೆಯ ಗ್ರಂಥಾಲಯದಲ್ಲಿ ಅವಳಿಗೊಂದು ಕೆಲಸ ಕಾದಿತ್ತು, ಆದರೆ ಒಂದನೇ ತಾರೀಕಿನವರೆಗೆ ಮಾತ್ರ. ಇನ್ನು ಆರೇ ದಿನ ಉಳಿದಿತ್ತು.

ಜನರ ಸಂಭ್ರಮಗಳೆಲ್ಲ ಭಾನುವಾರಕ್ಕೇ ಬಂದು ಬೀಳುತ್ತವೆ, ಹಾಗಾಗಿ ಏಳು ವರ್ಷದ ಮಗಳಿಗೆ ಅಮ್ಮ ಭಾನುವಾರ ಸಿಗುವುದು ಫೋನಿನಲ್ಲಿ. "ಊಟ ಆಯ್ತಮ್ಮ, ಹೋಮ್‌ವರ್ಕ್ ಆಯ್ತು, ಓವರ್" ಎಂದು ಆ ಮಗು ವಾಕಿಟಾಕಿಯಲ್ಲಿ ಮಾತು ಮುಗಿಸುವವರ ಹಾಗೆ ಹೇಳಿ ಫೋನಿಡುತ್ತದೆ. ಕೇಳಿದವರು ಜಾಣೆ ಎಂದು ನಗುತ್ತಾರೆ. ವಾಕಿ ಅಕ್ಕ ಮಾತ್ರ ನಗುವುದಿಲ್ಲ.

"ಪಕ್ಕದ ಬಾಗಿಲಿಗೆ ಬೀಗ ಹಾಕಿದೆ ಮೇಡಂ."

ಮೂರನೇ ಸಾಲಿನ ಸಣಕಲು ಹುಡುಗಿ ಎದ್ದು ನಿಂತಿದ್ದಳು. "ಅದರ ಮುಂದೆ ಮೇಜು ಬೇರೆ ಅಡ್ಡ ಇಟ್ಟಿದಾರೆ. ಬೆಂಕಿಗಿಂಕಿ ಬಿದ್ರೆ ಇಷ್ಟೂ ಜನ ಒಂದೇ ಬಾಗಿಲಲ್ಲಿ ಹೋಗ್ಬೇಕು."

ವಾಕಿ ಅಕ್ಕ ಮೈಕ್ ಕೆಳಗಿಳಿಸಿ ಅವಳನ್ನೇ ನೋಡಿದಳು. ಹನ್ನೊಂದು ವರ್ಷದಲ್ಲಿ ಎಷ್ಟೋ ಜನಕ್ಕೆ ಕೇಳಿದ ಪ್ರಶ್ನೆಯಿದು. ಬಾಗಿಲನ್ನು ನೋಡಿದವರು ಇಬ್ಬರೇ. ಮೊದಲನೆಯವಳು, ತಾನು ಕೆಲಸಕ್ಕೆ ಸೇರುವಾಗ ಇದೇ ಪ್ರಶ್ನೆ ಎದುರಿಸಿದ್ದ ವಾಕಿ ಅಕ್ಕನೇ.

ಅಲ್ಲಿಂದ ಮುಂದೆ ಅವಳು ಮಾತಾಡಿದ್ದು ಆ ಒಬ್ಬ ಹುಡುಗಿಗೆ ಮಾತ್ರ. ಮದುವೆಯಿಂದ ಹಿಡಿದು ಕಂಪನಿಗಳ ಸಭೆ, ವಸ್ತುಪ್ರದರ್ಶನದವರೆಗೆ ಈ ಉದ್ಯಮದ ಹರವು ಹೇಳಿದಳು. ಪರವಾನಗಿ, ಪೆಂಡಾಲು, ಧ್ವನಿ, ಬೆಳಕು, ಊಟ, ಅತಿಥಿಗಳ ಗಾಡಿ, ಎಲ್ಲವೂ ನಿಮಿಷ ನಿಮಿಷದ ಪಟ್ಟಿಯಂತೆ ನಡೆಯಬೇಕು ಎಂದಳು. ಮೊದಲ ವರ್ಷ ಬರೀ ಓಡಾಟ, ಆಮೇಲೆ ಒಂದು ವಿಭಾಗ, ಆಮೇಲೆ ಇಡೀ ಕಾರ್ಯಕ್ರಮವೇ ಕೈಗೆ ಬರುತ್ತದೆ ಎಂದು ಆಸೆ ಹುಟ್ಟಿಸಿದಳು. "ಒಂದೇ ನಿಯಮ ನೆನಪಿಡಿ. ಇಲ್ಲಿ 'ಆಗಲ್ಲ' ಅನ್ನೋ ಮಾತೇ ಇಲ್ಲ. ಮೊದಲು 'ಆಗುತ್ತೆ' ಅನ್ನಿ, ಆಮೇಲೆ ದಾರಿ ಹುಡುಕಿ." ಭಾನುವಾರದ ಸುದ್ದಿ ಎತ್ತಲಿಲ್ಲ.

ಭಾಷಣ ಮುಗಿದು ಹಾಲ್ ಖಾಲಿಯಾಗುವಾಗ ಹುಡುಗಿ ತಾನಾಗಿಯೇ ಬಂದಳು. ಅರ್ಜಿಯನ್ನು ನಿಂತಲ್ಲೇ ತುಂಬಿದಳು. ಸಹಿ ಹಾಕುವ ಕಡೆ ಬಂದಾಗ ಪೆನ್ನು ನಿಂತಿತು.

"ಅಮ್ಮನ ಹತ್ರ ಒಂದು ಮಾತು ಆಡ್ತೀರಾ ಮೇಡಂ? ಯಾವ ಕೆಲಸ ಹೇಳಿದ್ರೂ ಬೇಡ ಅಂತಾರೆ. ಅವರನ್ನ ಒಪ್ಪಿಸಿಬಿಟ್ರೆ ಸಾಕು."

ವಾಕಿ ಅಕ್ಕ ಫೋನು ತೆಗೆದುಕೊಂಡಳು. ಆ ಕಡೆ ಹೊಲಿಗೆ ಯಂತ್ರಗಳ ಸದ್ದು. ತಾಯಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದರು, ಗಟ್ಟಿಯಾಗಿ ಮಾತಾಡುತ್ತಿದ್ದರು.

"ಹೊತ್ತುಗೊತ್ತಿಲ್ಲದ ಕೆಲಸ ಅಂತಾರಲ್ಲಮ್ಮ. ಗೊತ್ತಿಲ್ದಿರೋ ಗಂಡಸರ ಮಧ್ಯ ಒಬ್ಬಳೇ ಓಡಾಡ್ಬೇಕು. ನನಗಿರೋದು ಇವಳೊಬ್ಬಳು. ನೀವು ಜೊತೇಲಿರೋದಾದ್ರೆ ಕಳಿಸ್ತೀನಿ. ನೀವಿರ್ತೀರಾ ತಾನೆ?"

"ಆಗುತ್ತಮ್ಮ, ನಾನಿರ್ತೀನಿ. ನೀವೇನೂ ತಲೆ ಕೆಡಿಸ್ಕೋಬೇಡಿ."

ಮನಸ್ಸು ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತ್ತು. ಗಾಳಿಗೆ ಪೆಂಡಾಲು ಹಾರುತ್ತಿರುವಾಗ ಕಾರ್ಯಕ್ರಮ ಮಾಡಿಸುವವರಿಗೆ ಧೈರ್ಯ ಹೇಳುವ ಅದೇ ದನಿ. ತಾಯಿ "ನಿಮ್ಮ ಮಾತಿನ ಮೇಲೆ ಕಳಿಸ್ತಿದೀನಿ" ಎಂದು ಫೋನಿಟ್ಟರು. ಹುಡುಗಿ ಸಹಿ ಹಾಕಿ, ಓಡಿಹೋಗಿ ಗೆಳತಿಯನ್ನು ತಬ್ಬಿಕೊಂಡಳು.

ವಾಕಿ ಅಕ್ಕ ಅರ್ಜಿ ಹಿಡಿದು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತಳು. ಬೇಕಾದ ಕಾಗದ ಕೈಯಲ್ಲೇ ಇತ್ತು. ಒಂದು ಸುಳ್ಳಿಗೆ ಇಷ್ಟೇಕೆ ಒದ್ದಾಟ ಎಂದು ತನಗೆ ತಾನೇ ಬೈದುಕೊಂಡಳು. ಅವಳೇನು ಸುಳ್ಳೇ ಹೇಳದ ಸತ್ಯವಂತೆಯಲ್ಲ. ಒಲೆ ಹಚ್ಚುವ ಮೊದಲೇ ಊಟ ದಾರಿಯಲ್ಲಿದೆ ಎಂದವಳು. ಹಾಡುಗಾರ ಬಂದೇ ಇಲ್ಲದಾಗ ಒಳಗೆ ತಯಾರಾಗುತ್ತಿದ್ದಾರೆ ಎಂದು ಮುಕ್ಕಾಲು ಗಂಟೆ ತಳ್ಳಿದವಳು. ಆದರೆ ಹೇಳಿದ ಸುಳ್ಳನ್ನೆಲ್ಲ ಅಲ್ಲೇ ನಿಂತು, ಬೆವರು ಸುರಿಸಿ, ನಿಜ ಮಾಡಿದ್ದಳು. ಹೇಳಿ ಎದ್ದು ಹೋದದ್ದು ಒಮ್ಮೆಯೂ ಇರಲಿಲ್ಲ. ಆ ತಾಯಿಗೆ ತಿರುಗಿ ಫೋನ್ ಮಾಡಿ ನಿಜ ಹೇಳಿದರೆ ಹುಡುಗಿ ಬರುವುದಿಲ್ಲ, ರಾಜೀನಾಮೆ ಪತ್ರಕ್ಕೆ ಸಹಿ ಬೀಳುವುದಿಲ್ಲ. ಹೇಳದೆ ಕೆಲಸ ಬಿಟ್ಟು ಹೋದರೆ ಆ ಹುಡುಗಿ ಒಬ್ಬಳೇ. ಎತ್ತ ತಿರುಗಿದರೂ ಗೋಡೆ. ಅಳು ಬಂತು, ಆದರೆ ಹಾಲ್‌ನಲ್ಲಿ ಇನ್ನೂ ಜನರಿದ್ದರು.

ಮಾಲೀಕರ ಫೋನು ಬಂತು. "ಏನಾಯ್ತು? ಸಿಕ್ಕಿದ್ರಾ ಯಾರಾದ್ರೂ?"

"ಸಿಕ್ಕಿದಾಳೆ ಸಾರ್. ಸೋಮವಾರ ಬರ್ತಾಳೆ. ಓಡಿಹೋಗೋಳಲ್ಲ."

"ಅಬ್ಬಾ! ಹಾಗಾದ್ರೆ ಡ್ರಾಯರಿಂದ ನಿನ್ನ ಪತ್ರ ತೆಗೀಲಾ? ಕೊಟ್ಟ ಮಾತು ಕೊಟ್ಟ ಮಾತೇ."

ಅವಳು ಕಣ್ಣು ಮುಚ್ಚಿದಳು. ಗ್ರಂಥಾಲಯದ ಉದ್ದನೆಯ ಮೇಜು, ನಾಲ್ಕು ಗಂಟೆಗೆ ಬ್ಯಾಗು ಹೊತ್ತು ಅಲ್ಲಿಗೇ ಓಡಿಬರುವ ಮಗಳು, ಎಲ್ಲ ಕಣ್ಣಿಗೆ ಕಟ್ಟಿತು.

"ಬೇಡ ಸಾರ್. ಅಲ್ಲೇ ಇರ್ಲಿ."

"ನಂಗೊತ್ತಿತ್ತು ಕಣೇ, ನೀನೆಲ್ಲಿ ಹೋಗ್ತೀಯ!" ಮಾಲೀಕರು ಮನಸಾರೆ ನಕ್ಕರು.

ಹೊರಗೆ ಬಂದಾಗ ಹುಡುಗಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು, ಮುಖದ ತುಂಬ ಬೆಳಕು.

"ಮೇಡಂ, ಸೋಮವಾರ ಎಂಥ ಚಪ್ಪಲಿ ಹಾಕ್ಕೊಂಡು ಬರ್ಲಿ? ಹೊಸದು ತಗೋಬೇಕಾ?"

"ಹೊಸದು ಬೇಡ. ಹಳೇದು, ಹದಿನಾರು ಗಂಟೆ ನಿಂತ್ರೂ ಕಚ್ಚದಂಥದ್ದು."

ಹುಡುಗಿ ಜೋರಾಗಿ ನಕ್ಕಳು. ಆಮೇಲೆ, ತಮಾಷೆಯಲ್ಲ ಎಂದು ತಿಳಿದು, ವಾಕಿ ಅಕ್ಕನ ಪಾದಗಳ ಕಡೆ ನೋಡಿದಳು.