ಎರಡೂ ಕಡೆ ಸಮ

ನನ್ನ ಅಣ್ಣ ಸೋಮಲಿಂಗ ಗಲಗಲಿ ಊರಿನ ಪ್ರೀತಿ ಎಂಬ ಹುಡುಗಿಯನ್ನು ಮೆಚ್ಚಿದ್ದು ತಪ್ಪಲ್ಲ. ಅವಳ ಅಪ್ಪ ಗುರುಸಿದ್ದ ಕಾಕಾ, ಮಗಳನ್ನು ಕೊಡುತ್ತೇವೆ, ಬದಲಿಗೆ ನಿಮ್ಮ ಮಗಳನ್ನು ನಮ್ಮ ಮಗ ಪರಮಾನಂದನಿಗೆ ಕೊಡಿ ಎಂದದ್ದೂ ನಮ್ಮ ಮುಧೋಳದ ಕಡೆ ಹೊಸ ಮಾತಲ್ಲ. ಅದಲಿಬದಲಿ ಲಗ್ನವೆಂದರೆ ಒಂದೇ ಹಂದರ, ಒಂದೇ ಅಡುಗೆ, ಎರಡು ಮನೆಗೂ ಸೊಸೆ. ತೊಂದರೆ ಏನೆಂದರೆ ಆ ಬದಲಿ ಮಗಳು ನಾನು, ಶೈಲಾ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಪರಮಾನಂದ ಕೆಟ್ಟವನೇನಲ್ಲ. ಆದರೆ ಅವನ ಲೋಕವೆಲ್ಲ ಅವನ ಬೇಟೆನಾಯಿ. ತಿಮ್ಮಾಪುರದಿಂದ ಮರಿ ತಂದ ದಿನದಿಂದ ಅದಕ್ಕೆ ಹಾಲು, ರೊಟ್ಟಿ, ಚಳಿಗೊಂದು ಕೌದಿ. ಅವನನ್ನು ಮದುವೆಯಾದರೆ ಆ ಮನೆಯಲ್ಲಿ ನಾಯಿಯ ನಂತರದ ಸ್ಥಾನ ನನಗೆ ಖಾತ್ರಿ. ನನಗೋ ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ಓದಬೇಕೆಂದು ಜೀವ ಹಾತೊರೆಯುತ್ತಿತ್ತು. ಹಾಗೆಂದು ಒಲ್ಲೆ ಎಂದರೆ ಅಣ್ಣನ ಲಗ್ನ ಮುರಿಯುತ್ತದೆ.

ಗಲಗಲಿಯವರು ಲಗ್ನದ ಮಾತು ಗಟ್ಟಿ ಮಾಡಲು ಸಕ್ಕರೆ ತಂದ ದಿನ ನಾನು ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ ಟ್ಯೂಷನ್ ಮುಗಿಸಿದ್ದೆ. ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿದಂತೆ. ಆಮೇಲೆ ಶಿವನೇ ಬಂದರೂ ಬದಲಿಸಲಾರ. ಗೋಡೆಯ ಹಲಗೆಯ ಮೇಲೆ ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗುವ ಸಮೀಕರಣ ಹಾಗೇ ಇತ್ತು.

“ಏನವಾ ಇದು, ಮಂತ್ರ ಬರದಂಗ?” ಎಂದ ಗುರುಸಿದ್ದ ಕಾಕಾ.

“ನೀರು ಮಾಡೂ ಲೆಕ್ಕರಿ ಕಾಕಾ. ಬಾಣದ ಎಡಕ್ಕ ಆಕ್ಸಿಜನ್ ಎರಡು ಅದಾವು, ಬಲಕ್ಕ ನೀರಿನ್ಯಾಗ ಒಂದ ಐತಿ. ಇನ್ನೊಂದು ಎಲ್ಲಿ ಹೋತು? ಹಾರಿ ಹೋಗಾಕ ಬರೂದಿಲ್ಲ. ಅದಕ್ಕ ನೀರಿನ ಮುಂದ ಎರಡು ಬರೀಬೇಕು, ಆಮ್ಯಾಲ ಹೈಡ್ರೋಜನ್ ಮುಂದನೂ ಎರಡು. ಸಮ ಆತು.”

“ಮುಂದ್ಯಾಕ? ನೀರಿನ ಒಳಗ, ಆಕ್ಸಿಜನ್ ಕೆಳಗ ಸಣ್ಣದೊಂದು ಎರಡು ಹಾಕಿಬಿಟ್ರ ಆತಲ್ಲ,” ಎಂದ ನನ್ನ ಅಪ್ಪ ಗಿರಿಮಲ್ಲಪ್ಪ. ಬೀಗರ ಮುಂದೆ ತನಗೂ ತಿಳಿಯುತ್ತದೆ ಎಂಬ ಜಂಬ.

“ಹಾಕ್ರಿ, ಲೆಕ್ಕ ಸಮ ಆಕ್ಕೈತಿ. ಆದ್ರ ಅದು ನೀರಾಗಿ ಉಳಿಯೂದಿಲ್ಲ. ಗಾಯಕ್ಕ ಹಾಕಿದ್ರ ನೊರಿ ಬರತೈತಲ್ಲ, ಆ ಔಷಧ ಆಕ್ಕೈತಿ. ಕುಡದ್ರ ಗಂಟಲ ಸುಡತೈತಿ. ಲೆಕ್ಕ ಸಮ ಮಾಡಾಕ ಹೋಗಿ ಒಳಗಿಂದು ಕೆಡಸಬಾರದು, ಯಪ್ಪಾ.”

ಮಾತು ಚುಚ್ಚುತ್ತದೆ ಎಂದುಕೊಂಡಿದ್ದೆ. ಎಲ್ಲಿ! ಕಾಕಾ ತೊಡೆ ತಟ್ಟಿ ನಕ್ಕ. “ಛಲೋ ಐತಿ! ನಮ್ಮ ಬೀಗತನಾನೂ ಹಿಂಗ ಬರಿ ನೋಡೂನು.”

ಸೊಕ್ಕಿನಲ್ಲಿ ಬರೆದೆ. ಎಡಕ್ಕೆ ಸೋಮಲಿಂಗ, ಶೈಲಾ ಇರುವ ಮನೆ. ಪ್ರೀತಿ, ಪರಮಾನಂದ ಇರುವ ಮನೆ. ಬಾಣದ ಬಲಕ್ಕೆ ಸೋಮಲಿಂಗ ಮತ್ತು ಪ್ರೀತಿ, ಪರಮಾನಂದ ಮತ್ತು ಶೈಲಾ. ಎಲ್ಲಾದರೂ ಒಂದು ಕಡಿಮೆ ಬಿದ್ದೀತು, ಅದನ್ನೇ ಹಿಡಿದು ಜಗ್ಗೋಣ ಎಂದು ಎಣಿಸಿದೆ. ಎಡಕ್ಕೆ ನಾಲ್ಕು, ಬಲಕ್ಕೂ ನಾಲ್ಕು. ದರಿದ್ರದ್ದು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಸಮ ಐತಿ!” ಅಪ್ಪ ಚಪ್ಪಾಳೆ ತಟ್ಟಿದ. “ಸೈನ್ಸನ ಹೇಳಾಕತ್ತೈತಿ!”

ನನ್ನ ಕಾಲಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೆ. ಅಳು ಒತ್ತಿ ಬಂತು. ಕಾಕಾ ಸಕ್ಕರೆ ಪೊಟ್ಟಣ ಬಿಚ್ಚತೊಡಗಿದ.

ಆಗ ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜಿ ಶಂಕ್ರೆವ್ವ, ಅಪ್ಪನ ತಾಯಿ, ಎದ್ದು ಬಂದು ಹಲಗೆಯ ಮುಂದೆ ನಿಂತಳು. ಅವಳಿಗೆ ಓದಲು ಬಾರದು. “ಇದರಾಗ ನೀ ಯಾವಾಕಿಬೇ?” ಎಂದಳು. ಬಲತುದಿಯಲ್ಲಿದ್ದ ನನ್ನ ಹೆಸರು ತೋರಿಸಿದೆ.

“ನಾನೂ ಅದಲಿಬದಲಿಯಾಗನ ಬಂದಾಕಿ, ಗುರುಸಿದ್ದಾ,” ಎಂದಳು ಅಜ್ಜಿ. “ನಾ ತುಬಚಿಯಿಂದ ಇಲ್ಲಿಗೆ, ನನ್ನ ನಾದಿನಿ ಅನಸವ್ವ ಇಲ್ಲಿಂದ ನಮ್ಮಣ್ಣನ ಮನಿಗೆ. ಅಲ್ಲಿ ನಮ್ಮಣ್ಣ ಆಕಿಗೆ ಹೊಡದಾನಂತ ಸುದ್ದಿ ಬಂದ್ರ, ಇಲ್ಲಿ ನನ್ನ ಗಂಡ ನನಗ ಹೊಡೀತಿದ್ದ. ನಾ ಏನೂ ಮಾಡಿರತಿದ್ದಿಲ್ಲ. ಆದ್ರ ಸಮ ಆಗಬೇಕಲ್ಲ! ಆ ಸುದ್ದಿ ತುಬಚಿಗೆ ಮುಟ್ಟಿದ್ರ ಮತ್ತ ಆಕಿಗೆ ಬೀಳತಿತ್ತು. ಒಂದ ಏಟು ಸೈತ ಹೆಚ್ಚುಕಡಿಮಿ ಆಗಲಿಲ್ಲ ನೋಡಪಾ.”

ಅಪ್ಪ ನೆಲ ನೋಡಿದ. ಅದನ್ನೆಲ್ಲ ಕಣ್ಣಾರೆ ಕಂಡು ಬೆಳೆದವನು ಅವನು. ಅಜ್ಜಿ ಇದನ್ನು ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ನಾನು ಅಂದಿನವರೆಗೆ ಕೇಳಿರಲಿಲ್ಲ.

“ನಿನ್ನ ಪ್ರೀತಿ ಇಲ್ಲಿ ನಕ್ಕೋತ ಇರತಾಳ ಅಂತ ತಿಳಿ,” ಅಜ್ಜಿ ಬಿಡಲಿಲ್ಲ. “ಅಲ್ಲಿ ನಾಯಿ ಸಲವಾಗಿ ಜಗಳಾಡಿ ನಮ್ಮ ಶೈಲಾ ತವರಿಗೆ ಬಂದ್ಲಂದ್ರ, ಅವತ್ತ ನಿನ್ನ ಮಗಳನ್ನೂ ಹೊರಗ ಹಾಕಬೇಕೇನು? ನೀನ ಹೇಳು.”

ಸಕ್ಕರೆ ಕಾಕಾನ ಮುಷ್ಟಿಯಲ್ಲೇ ಉಳಿಯಿತು. ಅವನಿಗೆ ಪ್ರೀತಿಯೆಂದರೆ ಪ್ರಾಣ. ಎದ್ದು, ಬಾಗಿಲಲ್ಲಿ ನಿಂತಿದ್ದ ಸೋಮಣ್ಣನೊಬ್ಬನ ಬಾಯಿಗೇ ಸಕ್ಕರೆ ಹಾಕಿದ. “ಬದಲಿ ಬ್ಯಾಡ ಬಿಡ್ರಿ,” ಎಂದ. ಅಣ್ಣ ನುಂಗುವುದನ್ನೂ ಮರೆತು ಬಾಯಿ ತೆರೆದೇ ನಿಂತಿದ್ದ, ಪೆದ್ದ.

ಅವರು ಹೋದ ಮೇಲೆ ಹಲಗೆಯ ಬಲಗಡೆಯ ಶೈಲಾಳನ್ನು ಒರೆಸಿ ಹಾಕಿದೆ. ಉಳಿದದ್ದು ಹಾಗೇ ಇತ್ತು. ಮರುದಿನ ಟ್ಯೂಷನ್ನಿಗೆ ಬಂದ ಶೇವಂತಿ ಎರಡೂ ಕಡೆ ಎಣಿಸಿ, “ಅಕ್ಕಾರ, ಬಲಕ್ಕ ಒಂದು ಕಡಿಮಿ ಐತ್ರಿ,” ಎಂದಳು.

“ಕಡಿಮಿ ಏನಿಲ್ಲಬೇ,” ಎಂದಳು ಮೂಲೆಯಿಂದ ಅಜ್ಜಿ. “ಆಕಿ ಜಮಖಂಡಿಗೆ ಹೊಂಟಾಳ.”