ಮಾವನ ಹೆಸರಿನ ಹಣ್ಣು

ವೆಯಾಳ ಊರಿನಲ್ಲಿ ಬಾಳೆಹಣ್ಣಿಗೆ ಮುಕು ಎನ್ನುತ್ತಾರೆ. ಅವಳ ಮಾವನ ಹೆಸರೂ ಮುಕುವೇ. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಮನೆತನಕ್ಕೇ ಅವಮಾನ. ಹಾಗಿರುವಾಗ ಈ ಪುಣ್ಯಾತ್ಗಿತ್ತಿ ಮಾರಲು ಹೊರಟಿದ್ದು ಏನನ್ನು? ಬಾಳೆಹಣ್ಣನ್ನೇ! ಹಿತ್ತಲಲ್ಲಿ ಬೆಳೆಯುತ್ತಿದ್ದದ್ದು ಅದೊಂದೇ, ಇನ್ನೇನು ಮಾಡಿಯಾಳು? ಕಡಲಿಗೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಮನೆಯಲ್ಲಿ ಉಳಿದವರು ಅವಳು, ಅವಳ ಮಕ್ಕಳು, ಮತ್ತು ಎಲೆಯಡಿಕೆ ಜಗಿಯುತ್ತ ಮಾತುಮಾತಿಗೂ ಸಿಡಿಯುವ ಆ ಮುದುಕ.

ಫ್ಲೋರೆಸ್ ದ್ವೀಪದ ಆ ಊರಿನ ಬಂದರು ಸಂತೆಯಲ್ಲಿ ಕೂಗಿದವರದೇ ವ್ಯಾಪಾರ. ಹಡಗುಕಟ್ಟೆಯ ಬಾಗಿಲ ಬಳಿ, ಹುಣಸೆಮರದ ನೆರಳಿನಲ್ಲಿ ವೆಯಾ ಕೂರುತ್ತಿದ್ದಳು. ಮೊದಮೊದಲು "ಪಿಸಾಂಗ್, ಪಿಸಾಂಗ್" ಎಂದು ಮಲಯ ಮಾತಿನಲ್ಲಿ ಕೂಗಿದಳು. ಎಲ್ಲ ಬಂದರಲ್ಲೂ ಕೇಳಿ ಕೇಳಿ ಹಳಸಿದ ಕೂಗು ಅದು. ನಾವಿಕರು ಕತ್ತೆತ್ತಿಯೂ ನೋಡಲಿಲ್ಲ.

ಪಕ್ಕದಲ್ಲಿ ಮರಗೆಣಸು ಮಾರುವ ಬೆರ್ಗಿಟಾಳಿಗೆ ಆ ನೆರಳಿನ ಮೇಲೆ ಕಣ್ಣು. "ಏನೇ ಮೂಗಿ, ಬುಟ್ಟೀಲಿ ಏನಿದೆ ಅಂತ ನಮ್ಮ ಮಾತಲ್ಲಿ ಹೇಳೇ, ಕೇಳೋಣ!" ಎಂದು ದಿನಾ ಕೆಣಕುತ್ತಿದ್ದಳು.

ಒಂದು ದಿನ ವೆಯಾ ಹಣ್ಣು ಕೊಳ್ಳಲು ನಿಂತ ಮಕಾಸ್ಸರದ ನಾವಿಕನನ್ನು ಕೇಳಿದಳು: "ಅಣ್ಣಾ, ನಿಮ್ಮ ಕಡೆ ಇದಕ್ಕೆ ಏನಂತಾರೆ?"

"ಉಂತಿ."

ಮರುದಿನ "ಉಂತೀ!" ಎಂದು ಕೂಗಿದ್ದೇ ತಡ, ಮಕಾಸ್ಸರದವರು ಹಗ್ಗ ಬಿಟ್ಟು ಓಡಿಬಂದರು. "ನಮ್ಮಜ್ಜಿ ಕರೆದಂಗಾಯ್ತಲ್ಲೇ ತಂಗಿ!" ಎಂದು ಒಬ್ಬ ಕಣ್ಣೊರೆಸಿಕೊಂಡ. ಅಲ್ಲಿಂದ ಶುರುವಾಯಿತು ನೋಡಿ. ರೋಟೆ ದ್ವೀಪದವನು ಹುನಿ ಎಂದ, ತಿಮೋರಿನವನು ಹುದಿ ಎಂದ. ಉಂತಿ, ಹುನಿ, ಹುದಿ! ಒಬ್ಬಳೇ ಅಜ್ಜಿಯ ಮೊಮ್ಮಕ್ಕಳಂತೆ ಎಲ್ಲಕ್ಕೂ ಒಂದೇ ಮುಖಚಹರೆ. ಯಾವ ಕಾಲದಲ್ಲೋ ದೋಣಿಗೆ ಬಾಳೆಕಂದು ಹಾಕಿಕೊಂಡು ಹೊರಟವರು ಹೆಸರನ್ನೂ ಜೊತೆಗೇ ಒಯ್ದಿರಬೇಕು. ವೆಯಾಳಿಗೆ ಈ ಯೋಚನೆಯೇ ಖುಷಿ ಕೊಟ್ಟಿತು. ಬುಟ್ಟಿ ಮಧ್ಯಾಹ್ನಕ್ಕೆ ಮುಂಚೆಯೇ ಬರಿದಾಗತೊಡಗಿತು.

ಬೆರ್ಗಿಟಾ ಸುಮ್ಮನಿರುತ್ತಾಳೆಯೇ? ಸಂತೆಯ ಯಜಮಾನ ಗಾಸ್ಪಾರನಿಗೆ ಚಾಡಿ ಹೇಳಿದಳು. ಅವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ನೋಡವ್ವ, ಸಂತೆ ನಮ್ಮೂರಿನದು. ಪರದೇಶಿಗಳ ಮಾತಲ್ಲಿ ಏನು ಬೇಕಾದ್ರೂ ಕೂಗ್ಕೋ, ಹಣ್ಣಿಗೆ ನಮ್ಮೂರ ಹೆಸರೂ ಕೂಗ್ಬೇಕು. ನಾಳೆ ಬೆಳಗ್ಗೆ ಕೂಗಿಲ್ಲ ಅಂದ್ರೆ ಈ ಜಾಗ ಬೆರ್ಗಿಟಾಳ್ದು. ನೀನು ಮೀನು ತೊಳೆಯೋ ಮೋರಿ ಹತ್ರ ಕೂತ್ಕೋ."

ಮೋರಿಯ ಹತ್ತಿರ ಯಾವ ನಾವಿಕ ಬರುತ್ತಾನೆ? ಅಲ್ಲಿಗೆ ಹೋದರೆ ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಹೆಸರು ಹೇಳಿದರೋ, ಮಾವನ ಮುಖಕ್ಕೆ ಉಗಿದಂತೆ. ಸಂಜೆ ಮನೆಗೆ ಬಂದು ಎಲ್ಲವನ್ನೂ ಹೇಳಿ, "ನಾನು ಮೋರಿ ಹತ್ರಾನೇ ಕೂರ್ತೀನಿ ಮಾವ" ಎಂದಳು. ಮುದುಕ ಎಲೆಯಡಿಕೆ ಉಗುಳಿ ಮಲಗಿಬಿಟ್ಟ.

ಬೆಳಗ್ಗೆ ಸಂತೆಗೆ ಸಂತೆಯೇ ಹುಣಸೆಮರದ ಸುತ್ತ ನೆರೆದಿತ್ತು. ಬೆರ್ಗಿಟಾ ಆಗಲೇ ಗೆಣಸಿನ ಮೂಟೆಯನ್ನು ನೆರಳಿಗೆ ಎಳೆದಿದ್ದಳು. ವೆಯಾ ತುಟಿ ಕಚ್ಚಿಕೊಂಡು ಬುಟ್ಟಿಗೆ ಕೈ ಹಾಕಿದಳು, ಎತ್ತಿಕೊಂಡು ಹೊರಡಲು.

"ಮುಕೂ! ಮುಕು ಮುಕು ಮುಕೂ!"

ಜನ ತಿರುಗಿ ನೋಡಿದರು. ಮಾವ! ಹಬ್ಬಕ್ಕೆಂದು ಮಡಿಸಿಟ್ಟಿದ್ದ ಶಾಲು ಹೊದ್ದು, ಕೋಲೂರಿಕೊಂಡು, ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದಾನೆ.

"ಅಜ್ಜಾ, ಕೂಗ್ಬೇಕಾದ್ದು ಅವಳು," ಎಂದ ಗಾಸ್ಪಾರ್.

"ಯಾಕೋ? ಹಿತ್ತಲು ನಂದು, ಗಿಡ ನಂದು, ಹೆಸರೂ ನಂದೇ! ನನ್ನ ಹೆಸರು ಹೇಳೋಕೆ ಸೊಸೆಗೆ ಹಕ್ಕಿಲ್ಲ ಸರಿ, ನನಗೂ ಇಲ್ವೇನೋ?"

ಸಂತೆ ಹೋ ಎಂದು ನಕ್ಕಿತು. ಗಾಸ್ಪಾರನೂ ನಕ್ಕು ದಾರಿ ಬಿಟ್ಟ. ವೆಯಾಳಿಗೆ ಅಳು ಬಂತು, ಅಳುವಿನ ಜೊತೆಗೇ ಗಂಟಲೂ ಬಿಚ್ಚಿತು. "ಉಂತೀ! ಹುನೀ! ಹುದೀ!" ಎಂದು ಅವಳು, "ಮುಕೂ!" ಎಂದು ಮಾವ. ಹಡಗುಗಳಿಂದ ನಾವಿಕರು ತಮ್ಮ ತಮ್ಮ ಹೆಸರಿನಲ್ಲಿ ಓಗೊಟ್ಟರು. ಬೆಟ್ಟದ ಮೇಲಿನ ಊರುಗಳಿಂದ ಬಂದ ಹೆಂಗಸರು ಕೂಡ, ಅಷ್ಟು ದಿನ ಅತ್ತ ಸುಳಿಯದವರು, ತಮ್ಮ ಮಾತು ಕೇಳಿ ಮುಗಿಬಿದ್ದರು. ಬೆರ್ಗಿಟಾ ಮೂಟೆಯನ್ನು ಬಿಸಿಲಿಗೆ ಎಳೆದುಕೊಂಡಳು.

ಬುಟ್ಟಿ ಬರಿದಾದಾಗ ಮುದುಕನ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಸೊಸೆಯ ಕಡೆ ತಿರುಗದೆ, ಹುಣಸೆಮರವನ್ನು ನೋಡುತ್ತ, ಪಿಸುದನಿಯಲ್ಲಿ ಕೇಳಿದ:

"ನಾಳೆ ಎಷ್ಟೊತ್ತಿಗೆ ಹೊರಡೋದು?"